ಉಪ್ಪುನೀರಿನ ಜೊಂಡು

ಗೋಡೆಯ ಗಡಿಯಾರಕ್ಕೆ ಕೀಲಿ ಕೊಡಲು ಕುರ್ಚಿ ಹತ್ತಿದ ಗ್ರಾಡಸ್, ಹೆಣಿಗೆ ಹರಿದು ಮೊಣಕಾಲಿನವರೆಗೆ ಕೆಳಗಿಳಿದುಬಿಟ್ಟ. ಮರದ ಮೆಟ್ಟು ಕಳಚಿ ಹತ್ತು ಎಂದು ಹಿಲ್ಲೆ ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದಳು. ಅಂದು ಮಾತ್ರ ಅವಳು ಬೈಯಲಿಲ್ಲ. ಒಂದು ಕಾಲು ಕುರ್ಚಿಯೊಳಗೆ, ಇನ್ನೊಂದು ಮೇಲೆ, ಕೈಯಲ್ಲಿ ಕೀಲಿ ಹಿಡಿದು ದಿಕ್ಕು ತೋಚದೆ ನಿಂತಿದ್ದ ಗಂಡನನ್ನು ನೋಡಿ ಮೊದಲು ಜೋರಾಗಿ ನಕ್ಕಳು. ಆಮೇಲೆ ಕುರ್ಚಿಯನ್ನು ನೋಡಿದಾಗ ಅವಳ ನಗು ನಿಂತಿತು.

ಅವಳ ತವರಿನಿಂದ ಬಂದ ಆರು ಕುರ್ಚಿಗಳಲ್ಲಿ ಅದೂ ಒಂದು. ಆರಕ್ಕೂ ಜೊಂಡಿನ ಆಸನ ಹೆಣೆದವಳು ಅವಳ ತಾಯಿ. ಕರಿಹೊಳೆ ಹೋಗಿ ತೆಂಕಣ ಕಡಲನ್ನು ಸೇರುವ ಕಡೆ ಬೀಸ್‌ಮೌಡನ್ ಎಂಬ ಊರು. ಅಲ್ಲಿನವರೆಲ್ಲ ಬದುಕುತ್ತಿದ್ದುದು ಹೊಳೆಯಂಚಿನ ಜೊಂಡಿನಿಂದಲೇ. ದಿನಕ್ಕೆರಡು ಸಲ ಕಡಲು ಹೊಳೆಯೊಳಕ್ಕೆ ಏರಿ ಬರುತ್ತಿತ್ತು, ಎರಡು ಸಲ ಇಳಿದು ಹೋಗುತ್ತಿತ್ತು. ಆ ಅರೆ ಉಪ್ಪಿನ ನೀರಿನಲ್ಲಿ ಬೆಳೆದ ಜೊಂಡು ಚರ್ಮದ ಹಾಗೆ ಬಾಗುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ. ಗಿಡ್ಡನೆಯದು ಚಾಪೆಗೆ, ಉದ್ದನೆಯದು ಕುರ್ಚಿಗೆ. ಹಿಲ್ಲೆಯ ಅಪ್ಪ ರೂಲೊಫ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೊಯ್ಯುತ್ತಿದ್ದ. ತಾಯಿ, ಮಗಳು ಕೊಟ್ಟಿಗೆಯ ಅಟ್ಟದಲ್ಲಿ ಕೂತು ಹೆಣೆಯುತ್ತಿದ್ದರು.

ಸುತ್ತಲಿನ ದೇಶಗಳೆಲ್ಲ ಹೊಡೆದಾಡುತ್ತಿದ್ದ ವರ್ಷಗಳಲ್ಲಿ ಊರೂರಿಗೆ ಸಿಪಾಯಿಗಳನ್ನು ತಂದು ಇಳಿಸಿದ್ದರು. ಹಾಗೆ ಬಂದು ಆ ಅಟ್ಟದಲ್ಲಿ ಮಲಗುತ್ತಿದ್ದ ಹುಡುಗ ಗ್ರಾಡಸ್. ಯುದ್ಧ ಮುಗಿಯಿತು, ಸಿಪಾಯಿಗಳು ಮನೆಗೆ ಹೊರಟರು, ಹಿಲ್ಲೆ ಗ್ರಾಡಸ್‌ನ ಕೈ ಹಿಡಿದು ಅವನೂರಿರುವ ಟ್ವೆಂಟೆ ಸೀಮೆಗೆ ಬಂದಳು. ಇಲ್ಲಿ ನೆಲವೆಲ್ಲ ಒಣ ಮರಳು, ಬಾನಿನ ತುಂಬ ಹತ್ತಿ ಗಿರಣಿಯ ಚಿಮಣಿ. ನೀರು ಅಂತ ಇದ್ದದ್ದು ಮನೆಸಾಲಿನ ಹಿಂದಿನ ಕಾಲುವೆ. ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವವರು ಏನು ಚೆಲ್ಲುತ್ತಾರೋ ಅದರಂತೆ ಅದು ಒಂದು ದಿನ ನೀಲಿ, ಮರುದಿನ ಕೆಂಪು. ಗ್ರಾಡಸ್ ಒಳ್ಳೆಯವನು, ಕುಡಿಯುತ್ತಿರಲಿಲ್ಲ, ಕೈಯೆತ್ತುತ್ತಿರಲಿಲ್ಲ. ಮಕ್ಕಳಾಗಲಿಲ್ಲ, ಅದಕ್ಕೂ ಅವನು ಒಂದು ಮಾತು ಆಡಿದವನಲ್ಲ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಮನೆ ಬೇರೆಯವರ ಪಾಲಾಯಿತು. ಹೋಗಿ ಬರಲು ಅಲ್ಲಿ ಯಾರೂ ಉಳಿಯಲಿಲ್ಲ. ಹಾಗಾಗಿ ಅವಳು ಹೋಗಲೂ ಇಲ್ಲ.

ಕುರ್ಚಿ ಹರಿದ ಆ ವರ್ಷ, ಈಸ್ಟರ್ ಕಳೆದ ಮರುವಾರ ಬೀದಿಯಲ್ಲಿ ಕೂಗು ಕೇಳಿತು. "ಕುರ್ಚೀ ಹೆಣೀತೀನಿ! ಹಳೇ ಕುರ್ಚೀ!" ಆ ಎಳೆತ ಕೇಳಿದ್ದೇ ಹಿಲ್ಲೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದಳು. ಹಾಗೆ ಎಳೆದು ಮಾತಾಡುವವರು ಬೀಸ್‌ಮೌಡನ್ ಬಿಟ್ಟರೆ ಎಲ್ಲೂ ಇಲ್ಲ. ಕೈಗಾಡಿಯ ಮೇಲೆ ಜೊಂಡಿನ ಕಟ್ಟು ಹೇರಿಕೊಂಡು ಬಂದಿದ್ದ ಮುದುಕ ಅವಳ ಅಪ್ಪನ ಜೊತೆಗೆ ಕೊಯ್ಲಿಗೆ ಇಳಿಯುತ್ತಿದ್ದ ಲುಬ್ಬರ್ಟ್.

"ಲುಬ್ಬರ್ಟ್ ಮಾವ!"

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಯಾರಮ್ಮ ನೀನು?"

"ಜೊಂಡಿನ ರೂಲೊಫನ ಮಗಳು, ಹಿಲ್ಲೆ."

"ಅಯ್ಯೋ ನಿನ್ನ! ಹಿಲ್ಲೆನಾ? ಈ ಮರಳಲ್ಲಿ ಏನೇ ಮಾಡ್ತಿದೀಯ?"

"ಒಣಗ್ತಿದೀನಿ ಮಾವ."

"ಬಿಸಿಲಲ್ಲೋ, ನೆರಳಲ್ಲೋ?"

"ನೆರಳಲ್ಲೇ ಅನ್ಕೋ."

"ಹಾಗಾದ್ರೆ ಪರವಾಗಿಲ್ಲ ಬಿಡು, ಜೊಂಡಿನ ಹಾಗೆ ಬಣ್ಣ ಉಳಿಯುತ್ತೆ," ಎಂದು ನಗುತ್ತ ಲುಬ್ಬರ್ಟ್ ಗಾಡಿಯನ್ನು ಹಿತ್ತಲಿಗೆ ತಿರುಗಿಸಿದ.

ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಜೊಂಡು ಮೆದುವಾಗಿತ್ತು. ಅವನು ಒಂದೊಂದನ್ನೂ ಎತ್ತಿ ಬಟ್ಟೆಯಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಒತ್ತಿ ಎಳೆದ. ಒಳಗಿನ ಗಾಳಿ ಚಿಟಿಚಿಟಿ ಎಂದು ಹೊರಬಂತು. ಅದರ ಜೊತೆ ಆ ವಾಸನೆಯೂ ಬಂತು. ಕೆಸರು, ಹಸಿ ಹುಲ್ಲು, ದೋಣಿಯ ಡಾಂಬರು, ಹಾವುಮೀನು ಹೊಗೆಯಾಡಿಸುವ ಗೂಡು ಎಲ್ಲ ಅದರಲ್ಲಿತ್ತು. ಎಲ್ಲದರ ಹಿಂದೆ ಸಣ್ಣಗೆ ಉಪ್ಪು. ಹಿಲ್ಲೆ ಹೊಸಿಲ ಮೇಲೆ ಆಲೂಗಡ್ಡೆ ಸುಲಿಯಲು ಕೂತವಳು ಬುಟ್ಟಿ ಖಾಲಿಯಾದದ್ದು ಗೊತ್ತಾಗದೆ ಇನ್ನೊಂದಕ್ಕೆ ಕೈ ಹಾಕಿದಳು.

ಲುಬ್ಬರ್ಟ್ ಹರಿದ ಹೆಣಿಗೆಯನ್ನು ಬಿಚ್ಚಿದ. ಆಸನ ದಪ್ಪಗಿರಲೆಂದು ಎರಡು ಪದರದ ನಡುವೆ ತುರುಕಿದ್ದ ತುಂಡು ಜೊಂಡು ಈಚೆ ಬಂತು. ಹೊರಗಿನದು ಹೊಗೆ, ಸಾರು, ವರ್ಷಗಳ ಕೈ ತಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನದು ಬೆಳಕನ್ನೇ ನೋಡಿರದ ಕಾರಣ ಇನ್ನೂ ಹಸಿರಾಗಿತ್ತು.

"ನೋಡಿಲ್ಲಿ, ನಿಮ್ಮಮ್ಮ ತುರುಕಿದ್ದು," ಎಂದು ಅವನು ಒಂದು ಹಿಡಿ ಅವಳ ಮಡಿಲಿಗೆ ಹಾಕಿದ. "ಅವಳ ಹೆಣಿಗೆ ಬಿಚ್ಚೋಕೆ ಚಾಕು ಸಾಲ್ದು, ಕೊಡಲಿ ಬೇಕು."

ಹೊಸ ಆಸನ ಮೂಲೆಯಿಂದ ಮೂಲೆಗೆ ಹಸಿರುಹಳದಿಯಾಗಿ ಬೆಳೆದು ಸಂಜೆಗೆ ನಡುವೆ ಬಂದು ಕೂಡಿತು. ಅವನು ಹೋದ ಮೇಲೂ ವಾಸನೆ ಮನೆಯಲ್ಲಿತ್ತು. ಮೋಡ ಮುಚ್ಚಿ ಗಾಳಿ ತೇವವಾದ ದಿನ ಇನ್ನೂ ಹೆಚ್ಚು. ಅಂಥ ದಿನ ಹಿಲ್ಲೆ ಕುರ್ಚಿಯನ್ನು ಕಿಟಕಿಯ ಬಳಿ ಎಳೆದು, ಹೊಲಿಗೆಯ ನೆಪ ಮಾಡಿಕೊಂಡು ಪಕ್ಕದಲ್ಲಿ ಬೇರೆ ಕುರ್ಚಿ ಹಾಕಿ ಕೂರುತ್ತಿದ್ದಳು. ಬೇಸಿಗೆ ಬಲಿಯುವ ಹೊತ್ತಿಗೆ ವಾಸನೆ ಸವೆಯಿತು. ಚಳಿಗಾಲದಲ್ಲಿ ಆಸನಕ್ಕೆ ಮೂಗು ಒತ್ತಿ ಹುಡುಕಿದಳು. ಈರುಳ್ಳಿಯ ವಾಸನೆ ಬಂತು.

ಮರುವರ್ಷ ಈಸ್ಟರ್ ಹತ್ತಿರ ಬಂದಾಗ ಮನೆಯ ಆರು ಕುರ್ಚಿಗಳೂ ಗಟ್ಟಿಯಾಗಿದ್ದವು. ಬರೀ ಕಾಫಿ ಕೊಟ್ಟು ಮಾತಾಡಿಸಿ ಕಳಿಸಿದರೆ ಲುಬ್ಬರ್ಟ್ ಕಟ್ಟು ಬಿಚ್ಚುವುದಿಲ್ಲ. ಒಂದು ಬೆಳಿಗ್ಗೆ ಗಂಡ ಗಿರಣಿಗೆ ಹೋದ ಮೇಲೆ ಹಿಲ್ಲೆ ಒಲೆಯ ಪಕ್ಕದ ಕುರ್ಚಿಯನ್ನು ಮಗುಚಿ ಹಾಕಿಕೊಂಡಳು. ಮೂಲೆಯಲ್ಲಿ ಅಮ್ಮ ಜೊಂಡಿಗೆ ಜೊಂಡು ಸೇರಿಸಿ ಹಾಕಿದ ಗಂಟು ಕಾಣುತ್ತಿತ್ತು. ಅವಳು ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. "ತಪ್ಪು ತಿಳ್ಕೋಬೇಡಮ್ಮ," ಎಂದು ಬಾಯಿಬಿಟ್ಟೇ ಹೇಳಿ ಚಾಕು ಹಾಕಿದಳು.

"ಇದೇನೇ ಇದು?" ಎಂದ ಗ್ರಾಡಸ್ ಸಂಜೆ. "ಇದರ ಮೇಲೆ ಯಾರು ಕೂತಿದ್ರು, ಹೋರಿನಾ?"

"ನೀನೇ ಕೂತಿದ್ದು."

"ನಾನಾ?" ಅವನು ತನ್ನ ಹಿಂಭಾಗವನ್ನು ತಾನೇ ತಿರುಗಿ ನೋಡಿಕೊಂಡ. ಹಿಲ್ಲೆಗೆ ನಗು ಬಂತು, ಪಾಪ ಅಂತಲೂ ಅನ್ನಿಸಿತು.

ಲುಬ್ಬರ್ಟ್ ಬಂದ, ಹೆಣೆದ, ಒಂದಿಡೀ ದಿನ ಹಿತ್ತಲಲ್ಲಿ ಹೊಳೆ ಹರಿಯಿತು. ಅದರ ಮುಂದಿನ ವರ್ಷ ಇನ್ನೊಂದು ಕುರ್ಚಿ ಹರಿಯಿತು. ಆಗ ಪಕ್ಕದ ಮನೆಯ ಯೆನ್ನೆ ಬೇಲಿಯ ಮೇಲೆ ಮೊಣಕೈ ಊರಿ ಶುರು ಮಾಡಿದಳು. "ಏನೇ ಹಿಲ್ಲೆ, ನಿಮ್ಮನೆ ಕುರ್ಚಿಗಳಿಗೆ ವಸಂತ ಬಂದ್ರೆ ಸಾಕು ಸಂಕಟ ಶುರುವಾಗುತ್ತಲ್ಲ? ನಮ್ಮವಕ್ಕೆ ಏನೂ ಆಗಲ್ಲಪ್ಪ. ನಮ್ಮನೆಗೆ ಆ ಹೆಣೆಯೋನು ಬರೋದೂ ಇಲ್ಲ, ಇಡೀ ದಿನ ಕೂರೋದೂ ಇಲ್ಲ." ಅದೇ ಮಾತು ಬೀದಿ ಸುತ್ತಿ ಗಿರಣಿಯ ಗೇಟಿನಲ್ಲಿ ಗ್ರಾಡಸ್‌ನ ಕಿವಿಗೂ ಬಿತ್ತು. ಅವನು ಮನೆಗೆ ಬಂದು ಹರಿದ ಕುರ್ಚಿಯನ್ನು ಬೆಳಕಿಗೆ ಹಿಡಿದು ನೋಡಿದ. ಸವೆದು ಹರಿದದ್ದಾಗಿದ್ದರೆ ತುದಿ ಬಿರಿದು ನಾರು ನಾರಾಗಿರಬೇಕಿತ್ತು. ಇದು ಬೆಣ್ಣೆ ಕೊಯ್ದ ಹಾಗಿತ್ತು. ಅವನು ಕುರ್ಚಿಯನ್ನು ಮೆಲ್ಲಗೆ ಅಲ್ಲೇ ಇಟ್ಟ. ಹಿಲ್ಲೆ ಅದನ್ನು ಕಂಡು ಒಲೆಯ ಕಡೆ ತಿರುಗಿದಳು.

ಆ ವರ್ಷ ಗಿರಣಿಗೆ ಕೆಲಸ ಕಡಿಮೆ. ವಾರದಲ್ಲಿ ಅರ್ಧ ದಿನಗಳು ಮಗ್ಗಗಳು ನಿಂತಿರುತ್ತಿದ್ದವು. ಹಾಗಾಗಿ ಲುಬ್ಬರ್ಟ್ ಬಂದಾಗ ಗ್ರಾಡಸ್ ಮನೆಯಲ್ಲೇ ಇದ್ದ. ಹಿಲ್ಲೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ತೆರೆದ ಕಿಟಕಿಯಿಂದ ಗಂಡನ ಗಂಟಲು ಕೇಳಿತು.

"ಅಜ್ಜ, ಒಂದು ಮಾತು ನೇರವಾಗಿ ಕೇಳ್ತೀನಿ. ನಿಂಗೆ ನನ್ನ ಹೆಂಡ್ತಿ ಮೇಲೆ ಕಣ್ಣಾ?"

ಮುದುಕ ನಗುತ್ತ ಕೆಮ್ಮುತ್ತ ಉಸಿರು ಕಟ್ಟಿಸಿಕೊಂಡದ್ದು ಕೇಳಿತು.

"ಮಗಾ, ನನಗಿರೋ ಹಲ್ಲು ಎಣಿಸೋಕೆ ಒಂದು ಕೈ ಸಾಕು. ನಿನ್ನ ಹೆಂಡ್ತಿ ನನ್ನ ಮುಖಾನ ಸರಿಯಾಗಿ ನೋಡಿದ್ದಾಳೆ ಅಂದ್ಕೊಂಡಿದೀಯಾ? ಈ ಸಲ ಗಡ್ಡ ಬೋಳಿಸ್ಕೊಂಡು ಬಂದಿದೀನಿ, ಅದೇ ಅವಳಿಗೆ ಗೊತ್ತಾಗಿಲ್ಲ. ಬೆಳಿಗ್ಗೆಯಿಂದ ಅವಳು ನೋಡ್ತಿರೋದು ಈ ಕಟ್ಟನ್ನ."

"ಜೊಂಡಿಗೋಸ್ಕರ ಗಟ್ಟಿ ಕುರ್ಚಿ ಕೊಯ್ತಾರಾ ಯಾರಾದ್ರೂ?"

"ನೀನು ಹುಟ್ಟಿದ ಬೀದೀಲೇ ಇದೀಯ. ನಿನಗೆ ಹೇಗೆ ಹೇಳ್ಲಿ?" ಎಂದ ಲುಬ್ಬರ್ಟ್. ಅವನ ದನಿಯಲ್ಲಿ ಈಗ ನಗುವಿರಲಿಲ್ಲ. "ಮೂಸಿ ನೋಡು. ನಿಂಗೆ ಹುಲ್ಲು. ಅವಳಿಗೆ ಅಪ್ಪ, ಅಮ್ಮ, ಅಟ್ಟ, ಎಲ್ಲ."

ಹಿಲ್ಲೆ ಕಾಫಿ ಹಿಡಿದು ಹೊರಗೆ ಬಂದಾಗ ಗಂಡ ನೆಲ ನೋಡುತ್ತ ನಿಂತಿದ್ದ. ಅವಳು ಯಾರ ಮುಖವನ್ನೂ ನೋಡದೆ ಬಟ್ಟಲುಗಳನ್ನು ಕೊಟ್ಟಳು. ಲುಬ್ಬರ್ಟ್ ಒಂದು ಗುಟುಕು ಕುಡಿದು, ಜೊಂಡಿನ ಕಟ್ಟಿನ ಮೇಲೆ ಕೈಯಿಟ್ಟು ಹೇಳಿದ. "ಇದು ಕೊನೇದು ಕಣೇ ಹಿಲ್ಲೆ. ಉಪ್ಪುನೀರಿನ ಕೊಯ್ಲು ಮುಗೀತು. ಕಡಲಿಗೆ ಅಡ್ಡ ಕಟ್ಟೆ ಕಟ್ತಿದ್ರಲ್ಲ, ಪೂರ್ತಿ ಮುಚ್ಚಿಬಿಟ್ರು. ಈಗ ನೀರು ಏರೋದೂ ಇಲ್ಲ, ಇಳಿಯೋದೂ ಇಲ್ಲ. ಜೊಂಡು ಇನ್ನೂ ನಿಂತಿದೆ. ಆದರೆ ಅದಕ್ಕೂ ಏನೋ ಗೊತ್ತಾಗಿದೆ, ಸೊರಗ್ತಾ ಇದೆ. ಪಟ್ಟಣದವರು ಕಾಗದದ ಹುರಿ ಕೊಂಡ್ಕೋ ಅಂತಾರೆ. ಕಾಗದ ಹೆಣೆಯೋಕೆ ನಾನು ಈ ವಯಸ್ಸಲ್ಲಿ ಇಷ್ಟು ದೂರ ಗಾಡಿ ತಳ್ಳಲ್ಲ."

ಸಂಜೆ ಊಟಕ್ಕೆ ಗೋಧಿಹಿಟ್ಟಿನ ದೋಸೆ, ಹುರಿದ ಹಂದಿಮಾಂಸ. ಗ್ರಾಡಸ್ ಹೊಸ ಹೆಣಿಗೆಯ ಕುರ್ಚಿಯಲ್ಲಿ ಕೂರಲು ಹೋದವನು ಅದನ್ನು ಅವಳ ಕಡೆ ತಳ್ಳಿ ಬೇರೆಯದರಲ್ಲಿ ಕೂತ.

"ಕೊಯ್ಯೋ ಬದಲು ನನಗೊಂದು ಮಾತು ಹೇಳ್ಬಾರದಿತ್ತಾ?"

"ಏನಂತ ಹೇಳ್ಲಿ? ವಾಸನೆ ಬೇಕು ಅಂತಲಾ?"

"ಹೂಂ. ಹಾಗೇ ಹೇಳೋದು."

"ನೀನು ನಗ್ತಿದ್ದೆ."

"ನಗ್ತಿದ್ದೆ," ಎಂದು ಗ್ರಾಡಸ್ ಒಪ್ಪಿಕೊಂಡ. "ನಕ್ಕು ಆಮೇಲೆ ಏನಾದ್ರೂ ಮಾಡ್ತಿದ್ದೆ."

ಅವನು ಮಾಡಿದ್ದೂ ಹೌದು. ಬೇಸಿಗೆಯ ಶುರುವಿನಲ್ಲಿ, ಮಗ್ಗ ನಿಂತ ಒಂದು ದಿನ, ಊರಾಚೆಯ ದೊಡ್ಡ ಕಾಲುವೆಗೆ ಹೋಗಿ ಒಂದು ಹೊರೆ ಹುಲ್ಲು ಕೊಯ್ದು, ಷರಾಯಿ ತೋಯಿಸಿಕೊಂಡು, ಕಾಲಿಗೆ ಗಾಯ ಮಾಡಿಕೊಂಡು ತಂದು ಹಿತ್ತಲಲ್ಲಿ ಕೆಡವಿದ. ಮುಖದಲ್ಲಿ ಗೆದ್ದುಬಂದ ಕಳೆ. ಹಿಲ್ಲೆ ಒಂದನ್ನೆತ್ತಿ ಬಗ್ಗಿಸಿದಳು. ಟಕ್ ಎಂದು ಎರಡು ತುಂಡಾಯಿತು.

"ಇದು ಚಾವಣಿಗೆ ಹೊದಿಸೋ ಕಡ್ಡಿ ಕಣೋ. ಇದರಲ್ಲಿ ಕುರ್ಚಿ ಹೆಣೆದ್ರೆ ಕೂತೋರ ಗತಿ ಏನು?" ಎಂದು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ನಗು ನಿಂತ ಮೇಲೂ ಅದು ನಿಲ್ಲಲಿಲ್ಲ.

ಗ್ರಾಡಸ್ ಗಾಬರಿಯಾಗಿ ಅವಳ ಭುಜ ಹಿಡಿದ. "ಸರಿ, ಸರಿ. ನಿಜವಾದ್ದು ಎಲ್ಲಿದೆಯೋ ಅಲ್ಲಿಗೇ ಹೋಗೋಣ. ಕೊಯ್ಲು ಯಾವಾಗ?"

"ಜುಲೈ ಬಂದ ಮೇಲೆ. ಆದ್ರೆ ಯಾರ ಮನೆಗೆ ಅಂತ ಹೋಗೋದು ಗ್ರಾಡಸ್? ಅಲ್ಲಿ ನಮ್ಮದು ಅನ್ನೋದು ಏನಿದೆ?"

"ನಿನ್ನ ಆ ಪ್ರಿಯಕರ ಇದಾನಲ್ಲ, ಹಲ್ಲಿಲ್ಲದೋನು. ಅವನ ಮನೆಗೆ."

ಜುಲೈನಲ್ಲಿ ಇಬ್ಬರೂ ಸೈಕಲ್ ಹತ್ತಿ ಹೊರಟರು. ಇಡೀ ದಿನದ ದಾರಿ. ಮರಳು ಕಳೆದು, ಪೊದೆಗಾಡು ಕಳೆದು, ನೆಲ ತಗ್ಗಾಗಿ ಹಸಿರಾಗಿ, ರಸ್ತೆಯ ಎರಡೂ ಬದಿಗೆ ನೀರಿನ ಕಾಲುವೆಗಳು ಬಂದವು. ಹಿಲ್ಲೆ ಗಂಡನನ್ನು ಹಿಂದೆ ಹಾಕಿ ತುಳಿಯುತ್ತಿದ್ದಳು. ಬೀಸ್‌ಮೌಡನ್‌ನ ಚರ್ಚುಗೋಪುರ ಕಂಡಾಗ ಮಾತ್ರ ಇಳಿದು ಸೈಕಲ್ ತಳ್ಳಿಕೊಂಡು ನಡೆದಳು.

ಅಪ್ಪನ ಮನೆಗೆ ಯಾರೋ ನೀಲಿ ಬಾಗಿಲು ಹಾಕಿಸಿದ್ದರು. ಅಟ್ಟದ ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು. ಅವಳು ನಿಲ್ಲಲಿಲ್ಲ. ಬರುವುದಾಗಿ ಮೊದಲೇ ಕಾಗದ ಬರೆದಿದ್ದರಿಂದ ಲುಬ್ಬರ್ಟ್ ಹೊಗೆಯಾಡಿಸಿದ ಹಾವುಮೀನು, ಕಪ್ಪು ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದ. ಗ್ರಾಡಸ್‌ನನ್ನು ಕಂಡವನೇ, "ಬಂದ್ಯಾ? ಇವತ್ತು ಹೊಡೀತೀಯೋ, ನಾಳೆನೋ?" ಎಂದ. ಗ್ರಾಡಸ್ ಕಿವಿವರೆಗೂ ಕೆಂಪಾದ.

ಮರುದಿನ ಬೆಳಿಗ್ಗೆ ಚಪ್ಪಟೆ ದೋಣಿಯಲ್ಲಿ ಮೂವರೂ ಲುಬ್ಬರ್ಟ್‌ನ ಜೊಂಡಿನ ಪಾಲಿಗೆ ಹೋದರು. ಹಿಲ್ಲೆ ಲಂಗ ಎತ್ತಿ ಸೊಂಟಕ್ಕೆ ಬಿಗಿದು, ಕುಡುಗೋಲು ಹಿಡಿದು ನೀರಿಗೆ ಇಳಿದಳು. ಕೆಸರು ಬೆರಳುಗಳ ಸಂದಿನಿಂದ ಮೇಲೆದ್ದಿತು. ಕೈಗೆ ಕೆಲಸ ನೆನಪಿತ್ತು: ಎಡತೋಳಿನಿಂದ ಒಂದು ತೆಕ್ಕೆ ಹಿಡಿ, ಕುಡುಗೋಲನ್ನು ನೀರಿನೊಳಗೆ ಬುಡದವರೆಗೂ ಇಳಿಸು, ನಿನ್ನ ಕಡೆ ಎಳೆ. ಕೊಯ್ದ ಜೊಂಡು ತೋಳಿಗೆ ಒರಗಿ ಬಂತು, ಕತ್ತಿನ ಸುತ್ತ ಅದೇ ವಾಸನೆ. ಅವಳು ಹಿಂದೆ ಮುಂದೆ ನೋಡದೆ ಕೊಯ್ದಳು. ಮುಖಕ್ಕೆ ನೀರು ಚಿಮ್ಮಿತು, ತುಟಿ ನೆಕ್ಕಿಕೊಂಡಳು.

ನೀರು ಸಪ್ಪೆಯಾಗಿತ್ತು.

ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಳು. ಸಪ್ಪೆ. ಬಾವಿಯ ನೀರು, ಮಳೆಯ ನೀರು, ಯಾವ ಊರಿನದಾದರೂ ಆಗಬಹುದಾದ ನೀರು. ಲುಬ್ಬರ್ಟ್ ಹೇಳಿದ್ದನ್ನು ಅವಳು ಕೇಳಿದ್ದಳು, ಆದರೆ ನಾಲಿಗೆ ಕೇಳಿರಲಿಲ್ಲ. ಅವಳು ಕುಡುಗೋಲು ಇಳಿಬಿಟ್ಟು ನಿಂತಳು. ಬಿಸಿಲು ಏರಿತು. ಹಿಂದೆಲ್ಲ ಈ ಹೊತ್ತಿಗೆ ಅಪ್ಪ, "ಸಾಕು, ದೋಣಿ ಹತ್ತು, ನೀರು ತಿರುಗ್ತಿದೆ," ಎನ್ನುತ್ತಿದ್ದ. ಮೊದಲು ಜೊಂಡಿನ ತುದಿಗಳು ಗಾಳಿಯಿಲ್ಲದೆ ಅಲುಗುತ್ತಿದ್ದವು, ಆಮೇಲೆ ಸೊಂಟದಲ್ಲಿದ್ದ ತಣ್ಣನೆಯ ಗೆರೆ ಪಕ್ಕೆಗೆ ಏರುತ್ತಿತ್ತು. ಅವಳು ಆ ತಣ್ಣನೆಯ ಗೆರೆಗಾಗಿ ಕಾದಳು. ನೀರು ಇದ್ದಲ್ಲೇ ಇತ್ತು. ಅವಳ ಸುತ್ತ ಒಂದು ಸತ್ತ ನೀರುಹುಳು ತೇಲುತ್ತ ಅಲ್ಲಲ್ಲೇ ತಿರುಗುತ್ತಿತ್ತು.

"ಏನಾಯ್ತೇ?" ಎಂದ ಗ್ರಾಡಸ್ ದೋಣಿಯಿಂದ. ಈಜು ಬಾರದ ಅವನು ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ಬರ್ತಿಲ್ಲ," ಎಂದಳು ಹಿಲ್ಲೆ. "ನೀರು ಬರ್ತಿಲ್ಲ."

ಲುಬ್ಬರ್ಟ್ ಬೇರೆ ಕಡೆ ತಿರುಗಿ ಕೂತ. ಗ್ರಾಡಸ್ ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಆಮೇಲೆ ಮೆಟ್ಟು ಕಳಚಿ, ಷರಾಯಿ ಮಡಿಸುವುದನ್ನೂ ಮರೆತು, ದೋಣಿಯ ಅಂಚಿನಿಂದ ಜಾರಿ ನೀರಿಗಿಳಿದ. ಕಾಲು ಹೂತು ಒಮ್ಮೆ ಮುಗ್ಗರಿಸಿ, ಕೆಸರು ನುಂಗಿ, ಉಗಿದು, ತೇಕುತ್ತ ಅವಳ ಪಕ್ಕ ಬಂದು ನಿಂತ.

"ಎಲ್ಲಿ ಹಿಡಿಯೋದು ಇದನ್ನ?" ಎಂದ ಜೊಂಡು ಮುಟ್ಟಿ.

"ಮೇಲೆ ಅಲ್ಲ, ನೀರಿನ ಹತ್ತಿರ. ತೆಕ್ಕೆ ಹಾಕಿ ಹಿಡಿ. ಬಿಗಿ ಬೇಡ, ಮುರಿಯುತ್ತೆ."

ಅವನು ಹಿಡಿದ, ಅವಳು ಕೊಯ್ದಳು. ಮಧ್ಯಾಹ್ನದವರೆಗೂ ಇಬ್ಬರೂ ಅದನ್ನೇ ಮಾಡಿದರು. ದಂಡೆಯ ಇಳಿಜಾರಿನಲ್ಲಿ ಕೊಯ್ದದ್ದನ್ನು ಗಾಳಿಗೆ ಹರಡಿ, ಮಗುಚಿ, ಒಣಗಿಸಿ, ಕಟ್ಟು ಕಟ್ಟುವವರೆಗೆ ಲುಬ್ಬರ್ಟ್‌ನ ಮನೆಯಲ್ಲೇ ಉಳಿದರು. ಹೊರಡುವ ದಿನ ಮುದುಕ ತನ್ನ ಕೈಗಾಡಿಯನ್ನು ಗ್ರಾಡಸ್‌ನ ಸೈಕಲ್ಲಿಗೆ ಹಗ್ಗದಿಂದ ಬಿಗಿದ. "ತಗೊಂಡು ಹೋಗಿ. ನನ್ನ ಮಂಡಿ ಇನ್ನು ಆ ದಾರಿ ನೋಡಲ್ಲ. ನಾನು ಕುರ್ಚಿ ಹೆಣೀತಿದ್ದ ಮನೆಗಳೆಲ್ಲ ಇನ್ನು ನಿನ್ನವೇ ಹಿಲ್ಲೆ. ದೊಡ್ಡ ಓಕ್ ಮರದ ತೋಟದವಳು ಜಿಪುಣಿ, ಆದರೆ ಮಜ್ಜಿಗೆ ಗಂಜಿ ಚೆನ್ನಾಗಿ ಮಾಡ್ತಾಳೆ."

ವಸಂತದಲ್ಲಿ ಹಿಲ್ಲೆ ಗಾಡಿ ತಳ್ಳಿಕೊಂಡು ಹೊರಟಳು. ಮೊದಲ ಬೀದಿಯಲ್ಲಿ ಕೂಗಲು ನಾಚಿಕೆಯಾಗಿ ಬಾಗಿಲು ಬಾಗಿಲು ತಟ್ಟಿದಳು. ವಾರ ಕಳೆಯುವಷ್ಟರಲ್ಲಿ ಬೀದಿಯ ಆ ತುದಿಗೆ ಕೇಳುವಂತೆ ಕೂಗುತ್ತಿದ್ದಳು. ಯೆನ್ನೆಯೇ ಎರಡು ಕುರ್ಚಿ ತಂದು ಬೇಲಿಯ ಮೇಲಿಂದ ದಾಟಿಸಿದಳು, ಮುಖ ಮಾತ್ರ ಬಿಗಿಯಾಗಿತ್ತು. ಸಪ್ಪೆನೀರಿನ ಜೊಂಡು ಹುರಿ ಮಾಡುವಾಗ ಹಳೆಯದರಷ್ಟು ಮಾತು ಕೇಳುತ್ತಿರಲಿಲ್ಲ, ಎರಡು ಮೂರು ಹೆಚ್ಚು ಸೇರಿಸಬೇಕಾಗುತ್ತಿತ್ತು. ವಾಸನೆಯಿತ್ತು, ಕೆಸರು, ಹಸಿರು ಎಲ್ಲ ಇತ್ತು. ಹಿಂದಿನ ಆ ಸಣ್ಣ ಉಪ್ಪಿನ ಚುರುಕು ಇರಲಿಲ್ಲ. ಯಾರ ಹಿತ್ತಲಲ್ಲೋ ಕೂತು ಜೊಂಡು ಒತ್ತಿ ಎಳೆಯುವಾಗ ಅವಳ ಮೂಗು ಅದನ್ನು ಹುಡುಕುತ್ತಲೇ ಇರುತ್ತಿತ್ತು. ಹುಡುಕುತ್ತ ಕೆಲಸ ಸಾಗುತ್ತಿತ್ತು, ಸಂಜೆಗೆ ಒಂದು ಕುರ್ಚಿ ಆಗುತ್ತಿತ್ತು. ಅಮ್ಮ ಹೆಣೆದವುಗಳಲ್ಲಿ ಮೂರು ಉಳಿದಿದ್ದವು, ಅವಕ್ಕೆ ಅವಳು ಮತ್ತೆ ಚಾಕು ತಾಗಿಸಲಿಲ್ಲ.

ಪ್ರತಿ ಜುಲೈಗೆ ಇಬ್ಬರೂ ಹೊಳೆಗೆ ಹೋಗಿಬಂದರು. ಪ್ರತಿ ಸಲವೂ ಜೊಂಡಿನ ಪಾಲು ಸ್ವಲ್ಪ ಕಿರಿದಾಗಿರುತ್ತಿತ್ತು, ದನ ಮೇಯುವ ಹುಲ್ಲು ಸ್ವಲ್ಪ ಮುಂದೆ ಬಂದಿರುತ್ತಿತ್ತು.

ಒಂದು ಚಳಿಗಾಲದ ಭಾನುವಾರ, ಚರ್ಚಿನಿಂದ ಬಂದು ಸಾರು ಕುದಿಯಲೆಂದು ಕಾಯುತ್ತ ಕೂತಿದ್ದಾಗ, ಗ್ರಾಡಸ್ ಕಿಟಕಿಯಾಚೆ ಹೆಪ್ಪುಗಟ್ಟಿದ ಬಣ್ಣದ ಕಾಲುವೆಯನ್ನು ನೋಡುತ್ತಿದ್ದ. "ಈಗ ಅಲ್ಲಿ ಹೊಳೆಯೂ ಹೆಪ್ಪುಗಟ್ಟಿರುತ್ತಾ?" ಎಂದ.

"ಎಲ್ಲಿ?" ಎಂದಳು ಹಿಲ್ಲೆ, ಗೊತ್ತಿದ್ದೂ.

"ಅಲ್ಲೇ. ಲುಬ್ಬರ್ಟ್ ದೋಣಿ ಕಟ್ಟೋ ಕಡೆ. ಆ ತಿರುವಲ್ಲಿ."

ಹಿಲ್ಲೆ ಸೌಟು ಕೆಳಗಿಟ್ಟು ಗಂಡನ ಮುಖ ನೋಡಿದಳು. ಅವನು ಅವಳ ಕಡೆ ತಿರುಗಲಿಲ್ಲ. ಗಾಜಿನ ಮೇಲೆ ಅವನ ಉಸಿರು ಮಂಜುಕಟ್ಟುತ್ತಿತ್ತು, ಅವನು ಅಂಗೈಯಿಂದ ಒರೆಸಿ ಮತ್ತೆ ನೋಡುತ್ತಿದ್ದ.

"ತಿರುವಲ್ಲಿ ಕೊನೇಗೆ ಹೆಪ್ಪುಗಟ್ಟುತ್ತೆ," ಎಂದು ಅವಳು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. "ಅಲ್ಲಿ ನೀರು ಆಳ. ಬಾತುಗಳೆಲ್ಲ ಅಲ್ಲೇ ಬಂದು ಸೇರ್ಕೊಂಡಿರ್ತವೆ."

"ಎಷ್ಟು ಬಾತು?" ಎಂದ ಗ್ರಾಡಸ್. ಅವಳು ಹೇಳತೊಡಗಿದಳು.